ಅಜ್ಜಿಯ ಉತ್ತರಕ್ಕೆ ಅಡ್ಡಗೀಟು

ನಮ್ಮ ಅಡುಗೆಮನೆಯಲ್ಲಿ ಬಿಸಿ ಕುಕ್ಕರ್ ಇಳಿಸಲು ಒಂದು ಪುಸ್ತಕವಿದೆ. ಹಳದಿ ರಟ್ಟು, ಮೇಲೆ ಕೆಂಪು ಬಣ್ಣದ ಚೀನೀ ಅಕ್ಷರ, ಅದರ ಕೆಳಗೆ ಕನ್ನಡಕ ಹಾಕಿಕೊಂಡು ನಗುತ್ತಿರುವ ಒಂದು ಗೂಬೆ. ನಮ್ಮ ಕಡೆ ಗೂಬೆ ಕೂಗಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಈ ದೇಶಗಳಲ್ಲಿ ಅದು ವಿದ್ಯೆಯ ಗುರುತಂತೆ. ಕುಕ್ಕರಿನ ತಳ ತಗುಲಿ ತಗುಲಿ ಆ ಗೂಬೆಯ ಸುತ್ತ ಕಂದು ಬಣ್ಣದ ದುಂಡು ಬರೆ ಬಿದ್ದಿದೆ. ಮಗಳು ಸುಮ ಎಷ್ಟೋ ಸಲ ಅದನ್ನು ರದ್ದಿಗೆ ಹಾಕಿದಳು. ನಾನು ಎತ್ತಿ ತಂದು ಮತ್ತೆ ಅಲ್ಲೇ ಇಟ್ಟೆ.

"ಅಷ್ಟು ಚೆನ್ನಾಗಿರೋ ಸ್ಟ್ಯಾಂಡ್ ತಂದ್ಕೊಟ್ಟಿದೀನಿ, ಅದರ ಮೇಲೆ ಇಡಬಾರದೇನಮ್ಮ?" ಅನ್ನುತ್ತಾಳೆ.

ಆ ಸ್ಟ್ಯಾಂಡು ಜಾರುತ್ತದೆ. ಪುಸ್ತಕ ಜಾರುವುದಿಲ್ಲ. ಇದರಲ್ಲಿ ಪ್ರೀತಿಗೀತಿ ಏನೂ ಹುಡುಕಬೇಡಿ. ಜಾರುವುದಿಲ್ಲ, ಅಷ್ಟೇ.

ಅದು ಚೀನಾದ ಮಿಡ್ಲ್ ಸ್ಕೂಲ್ ಮಕ್ಕಳು ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಲೆಂದು ಅಚ್ಚು ಹಾಕಿದ ಪುಸ್ತಕ. ಪುಟದ ಮೇಲರ್ಧದಲ್ಲಿ ಒಂದು ಕಥೆ, ಅದಕ್ಕೆ ಮಕ್ಕಳು ಪ್ಯಾಸೇಜ್ ಅನ್ನುತ್ತಾರೆ. ಕೆಳಗೆ ಪ್ರಶ್ನೆಗಳು. ಒಂದೊಂದು ಪ್ರಶ್ನೆಗೂ ಎ, ಬಿ, ಸಿ, ಡಿ ಅಂತ ನಾಲ್ಕು ಉತ್ತರ. ಮೂರು ಸುಳ್ಳು, ಒಂದು ನಿಜ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ, ಅದೂ ಅರಸೀಕೆರೆಯ ಮುನಿಸಿಪಾಲಿಟಿ ಶಾಲೆಯಲ್ಲಿ. ಅಂಥವಳು ಟೆಕ್ಸಾಸಿನ ಕ್ಯಾರಲ್ಟನ್ನಿನಲ್ಲಿ ಕೂತು ಚೀನಾದ ಹುಡುಗಿಗೆ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿಸಿದೆ ಅಂದರೆ ನೀವು ನಗುತ್ತೀರಿ. ನಗಿ. ಹೇಗೆ ಮಾಡಿಸಿದೆ ಅಂತ ಕೇಳಿದ ಮೇಲೆ ಇನ್ನೂ ನಗುತ್ತೀರಿ.

ಇದಕ್ಕೆಲ್ಲ ಮೂಲ ಹೀರೆಕಾಯಿ. ಬೇಲಿಯಾಚೆಯ ಮನೆಗೆ ಮೊದಲು ಬಂದದ್ದು ಯಾನ್ ಎಂಬ ಹುಡುಗಿಯ ಅಪ್ಪ ಅಮ್ಮ. ಅಪ್ಪ ಹ್ಯೂಸ್ಟನ್ ಕಡೆಯ ಕ್ಲಿಯರ್ ಲೇಕಿನಲ್ಲಿ ಇಂಜಿನಿಯರು. ಶುಕ್ರವಾರ ಸಂಜೆ ಕಾರು ಓಡಿಸಿಕೊಂಡು ಬರುತ್ತಾನೆ, ಭಾನುವಾರ ಓಡಿಸಿಕೊಂಡು ಹೋಗುತ್ತಾನೆ. ಅಮ್ಮನಿಗೆ ಡಾಲಸಿನಲ್ಲಿ ಯಾವುದೋ ಲ್ಯಾಬಿನ ಕೆಲಸ. ಅವರು ನೆಲೆಯಾದ ಮೇಲೆ ಹುಡುಗಿಯೂ ಹುಡುಗಿಯ ಅಜ್ಜಿಯೂ ಚೀನಾದಿಂದ ಬಂದರು. ಯಾನ್‌ಗೆ ಹನ್ನೆರಡು ವರ್ಷ, ನಮ್ಮ ಮೊಮ್ಮಗಳು ಸಿರಿಯ ಓರಗೆ, ಅದೇ ಸ್ಕೂಲು. ಅಜ್ಜಿಯನ್ನು ಅವಳು ನೈನೈ ಅನ್ನುತ್ತಿದ್ದಳು. ಅವರ ಭಾಷೆಯಲ್ಲಿ ನೈನೈ ಅಂದರೆ ಅಪ್ಪನ ಅಮ್ಮ. ನಾನೂ ಹಾಗೇ ಕರೆದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಆದರೂ ನನ್ನ ಬಾಯಲ್ಲಿ ಅಜ್ಜಿ ಅನ್ನಿಸಿಕೊಂಡಳು. ನನಗೇನು ನಷ್ಟ?

ಆ ನೈನೈ ಬೇಲಿಯ ಉದ್ದಕ್ಕೂ ಹೀರೆ ಬೀಜ ಊರಿದಳು. ಟೆಕ್ಸಾಸಿನ ಬಿಸಿಲಿಗೆ ಮನುಷ್ಯರು ಬಾಡುತ್ತಾರೆ, ಹೀರೆಬಳ್ಳಿ ಬಾಡುವುದಿಲ್ಲ. ಬಳ್ಳಿ ಬೇಲಿ ಹತ್ತಿ, ಇಳಿದು, ನಮ್ಮ ಕಡೆ ಬಂದು ನಾಲ್ಕು ಕಾಯಿ ಬಿಟ್ಟಿತು. ಬೇರು ಅವಳದಿರಬಹುದು, ಕಾಯಿ ತೂಗುತ್ತಿದ್ದದ್ದು ನನ್ನ ಹಿತ್ತಲಲ್ಲಿ. ಕೊಯ್ದು ತೊವ್ವೆ ಮಾಡಿದೆ. ಸಿಪ್ಪೆ ಹುರಿದು ಚಟ್ನಿ ರುಬ್ಬುತ್ತಿದ್ದಾಗ ಬೆಲ್ ಆಯಿತು. ಬಾಗಿಲಲ್ಲಿ ನೈನೈ. ಅವಳು ಚೀನೀ ಭಾಷೆಯಲ್ಲಿ ಬೈದಳು, ನಾನು ಕನ್ನಡದಲ್ಲಿ ಬೈದೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೆ ಜಗಳ ಬೇಗ ಮುಗಿಯುತ್ತದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಲು ಏನೂ ಸಿಕ್ಕಿರುವುದಿಲ್ಲ. ಕೊನೆಗೆ ಒಂದು ಬಟ್ಟಲು ಚಟ್ನಿ ಕೊಟ್ಟು ಕಳಿಸಿದೆ. ಮಾರನೆಯ ದಿನ ಬಟ್ಟಲು ಹುರಿದ ಕಡಲೆಕಾಯಿ ತುಂಬಿಕೊಂಡು ವಾಪಸು ಬಂತು. ಬರಿ ಪಾತ್ರೆ ಹಿಂದಿರುಗಿಸಬಾರದೆಂದು ಅವರಲ್ಲೂ ಯಾರೋ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟಿದ್ದಾರೆ. ಅಲ್ಲಿಂದ ಸ್ನೇಹ.

ಸುಮ ಇರ್ವಿಂಗ್‌ನಲ್ಲಿ ಫಿಸಿಯೋಥೆರಪಿ ಕೆಲಸ ಮುಗಿಸಿ ಬರುವುದು ಸಂಜೆ ಆರರ ಮೇಲೆ. ಯಾನ್ ಅಮ್ಮನೂ ಅಷ್ಟೇ. ಸ್ಕೂಲ್ ಬಸ್ಸಿಳಿದ ಎರಡು ಹುಡುಗಿಯರೂ ನಮ್ಮ ಊಟದ ಮೇಜಿಗೇ ಬರತೊಡಗಿದರು. ಹಿಂದೆಯೇ ನೈನೈ. ಕಂಕುಳಲ್ಲಿ ಆ ಗೂಬೆ ಪುಸ್ತಕ. ಚೀನಾದಿಂದ ಬರುವಾಗ ಅಂಥ ಪುಸ್ತಕಗಳನ್ನೇ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದಿದ್ದಳಂತೆ, ತನ್ನ ಬಟ್ಟೆಗಳನ್ನು ಬಿಟ್ಟು. ಪುಸ್ತಕದ ಕೊನೆಯಲ್ಲಿ ಸರಿಯುತ್ತರದ ಹಾಳೆಗಳಿರುತ್ತವೆ. ಅವನ್ನು ಮಕ್ಕಳ ಕೈಗೆ ಸಿಗುವ ಮೊದಲೇ ಹರಿದು ಬಚ್ಚಿಡುವುದು ಅವರ ಕಡೆಯ ಪದ್ಧತಿ. ನೈನೈ ಹರಿದು ತಂದು ತಮ್ಮ ಮನೆಯ ಅಕ್ಕಿ ಡಬ್ಬಿಯೊಳಗೆ ಹೂತಿದ್ದಳು. ಅಕ್ಕಿ ಡಬ್ಬಿಯ ಮೇಲೆ ನನಗೂ ಅಂಥದೇ ನಂಬಿಕೆ. ಏನು ಬಚ್ಚಿಟ್ಟಿದ್ದೇನೆ ಅಂತ ಇಲ್ಲಿ ಹೇಳುವುದಿಲ್ಲ, ಸುಮ ಓದುತ್ತಾಳೆ.

ಯಾನ್‌ಗೆ ಈ ಓದು ಯಾಕೆ ಅಷ್ಟು ಮುಖ್ಯವಾಗಿತ್ತು ಅಂದರೆ, ಪಿಟೀಲು. ಐದನೇ ವಯಸ್ಸಿನಿಂದ ಪಿಟೀಲು ಕಲಿತ ಹುಡುಗಿ ಅದು. ಇಲ್ಲಿಯ ಸ್ಕೂಲಿನಲ್ಲಿ ಹೊಸದಾಗಿ ಬಂದ ಮಕ್ಕಳಿಗೆ ಇಂಗ್ಲಿಷ್ ಓದಿಸಲು ಬೇರೆ ಪಿರಿಯಡ್ ಇದೆ. ಸರಿಯಾಗಿ ಅದೇ ಹೊತ್ತಿಗೆ ಉಳಿದ ಮಕ್ಕಳಿಗೆ ಆರ್ಕೆಸ್ಟ್ರಾ. ಅದೂ ಪಕ್ಕದ ಕೋಣೆಯಲ್ಲಿ. ಇವಳು ಇತ್ತ ಪುಸ್ತಕ ಹಿಡಿದುಕೊಂಡು, ಅತ್ತ ಗೋಡೆಯಾಚೆ ಯಾರೋ ತಪ್ಪು ನುಡಿಸುವುದನ್ನು ಕೇಳಿಕೊಂಡು ಕೂರಬೇಕು. ವಸಂತದಲ್ಲಿ ನಡೆಯುವ ಪರೀಕ್ಷೆ ಪಾಸಾದರೆ ಮುಂದಿನ ವರ್ಷ ಪಿಟೀಲು. ಇಲ್ಲದಿದ್ದರೆ ಇನ್ನೊಂದು ವರ್ಷ ಅದೇ ಗೋಡೆ.

"ಅವರಲ್ಲಿ ಒಬ್ಳು ಯಾವಾಗ್ಲೂ ಲೇಟಂತೆ ಅಜ್ಜಿ," ಅಂದಳು ಸಿರಿ, ಯಾನ್ ಪರವಾಗಿ. "ಎವೆರಿ ಡೇ, ಸೇಮ್ ಪ್ಲೇಸ್. ಯಾನ್‌ಗೆ ತಲೆ ನೋವು ಬರತ್ತಂತೆ."

"ಗೋಡೆ ತಟ್ಟಿ ಹೇಳಬೇಕಿತ್ತು," ಅಂದೆ.

ಅಭ್ಯಾಸ ನಡೆಯುತ್ತಿದ್ದ ಬಗೆ ಹೀಗೆ. ಯಾನ್ ಕಥೆಯನ್ನು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಓದುವಳು, ಟೀಚರ್ ಹಾಗೆ ಹೇಳಿದ್ದರು. ಆಮೇಲೆ ಅದನ್ನು ನೈನೈಗೆ ಚೀನೀ ಭಾಷೆಯಲ್ಲಿ ಹೇಳುವಳು. ನಾನೂ ಕೂತಿದ್ದೇನಲ್ಲ, ಸಿರಿ ನನಗೆ ಅವಳ ಕನ್ನಡದಲ್ಲಿ ಹೇಳುವಳು. ಇಲ್ಲಿಗೆ ಬಂದು ವರ್ಷಗಳಾದವು. ಇಂಗ್ಲಿಷ್ ಅರ್ಧ ತಿಳಿಯುತ್ತದೆ, ಉಳಿದರ್ಧ ನಾನೇ ತುಂಬಿಸಿಕೊಳ್ಳುತ್ತೇನೆ. ಸಿರಿಯ ಕನ್ನಡಕ್ಕೂ ಅದೇ ಉಪಾಯ.

ಮೊದಲ ಕಥೆ ನನಗೆ ಚೆನ್ನಾಗಿ ನೆನಪಿದೆ. ಒಬ್ಬ ಬ್ರೌನ್ ಸಾಹೇಬ. ಪಾರ್ಕಿನ ಬೆಂಚಿನ ಮೇಲೆ ಅವನಿಗೆ ಯಾರದೋ ಪರ್ಸು ಸಿಗುತ್ತದೆ. ಮಳೆ ಬಂದರೂ ಏಳದೆ, ಕಳೆದುಕೊಂಡವನು ಬರಲಿ ಅಂತ ಸಂಜೆಯವರೆಗೆ ಅಲ್ಲೇ ಕೂರುತ್ತಾನೆ. ಪ್ರಶ್ನೆ: ಬ್ರೌನ್ ಎಂಥ ಮನುಷ್ಯ? ಎ, ಪ್ರಾಮಾಣಿಕ. ಬಿ, ಶ್ರೀಮಂತ. ಸಿ, ಮರೆಗುಳಿ. ಡಿ, ಕೆಲಸವಿಲ್ಲದವನು.

"ಡಿ," ಅಂದೆ. "ವಾರದ ದಿನ ಬೆಳಿಗ್ಗೆಯಿಂದ ಸಂಜೆವರೆಗೂ ಪಾರ್ಕಲ್ಲಿ ಕೂತಿರ್ತಾನೆ ಅಂದ್ರೆ ಅವನಿಗೆ ಕೆಲ್ಸ ಎಲ್ಲಿದೆ? ಹೆಂಡತಿ ಮನೇಲಿ ಸೇರಿಸ್ತಿಲ್ಲ ಅಂತ ಕಾಣತ್ತೆ."

ನೈನೈ ಬಿ ಅಂದಳು. ಸ್ವಂತದ್ದು ಸಾಕಷ್ಟಿದ್ದವನು ಮಾತ್ರ ಇನ್ನೊಬ್ಬರದನ್ನು ಮುಟ್ಟುವುದಿಲ್ಲ ಅನ್ನುವುದು ಅವಳ ವಾದ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಜ್ಜಿ, ಹೆಂಡತಿ ಈಸ್ ನಾಟ್ ಇನ್ ದ ಪ್ಯಾಸೇಜ್!" ಅಂದಳು ಸಿರಿ.

"ಪ್ಯಾಸೇಜ್‌ನಲ್ಲಿ ಇಲ್ಲ ಅಂದ್ರೆ ಮನೇಲಿ ಇಲ್ವೇನೇ?"

ಇನ್ನೊಂದು ಕಥೆಯಲ್ಲಿ ಟಾಮ್ ಅನ್ನುವ ಹುಡುಗ ಅಮ್ಮನಿಗೆ ಗೊತ್ತಾಗದ ಹಾಗೆ ಬೆಳಗಿನ ತಿಂಡಿ ಮಾಡಲು ಹೋಗಿ, ಅಡುಗೆಮನೆ ತುಂಬ ಹಿಟ್ಟು ಚೆಲ್ಲಿ, ಹಳೆ ಪಿಂಗಾಣಿ ತಟ್ಟೆ ಒಡೆದು ಹಾಕುತ್ತಾನೆ. ಅಮ್ಮ ಬಂದು ನೋಡಿ ಕಣ್ಣೀರು ಹಾಕುತ್ತಾಳೆ. ಅಮ್ಮ ಯಾಕೆ ಅತ್ತಳು? ನಾನೂ ನೈನೈಯೂ ಒಂದೇ ಸಲ ತಟ್ಟೆಯ ಕಡೆ ಬೆರಳು ಮಾಡಿದೆವು. ಇಬ್ಬರೂ ಕೈ ಕುಲುಕಿದೆವು. ನೈನೈ ಅಷ್ಟಕ್ಕೇ ನಿಲ್ಲದೆ, ಎದ್ದು ನಿಂತು, ಆ ಹಿಟ್ಟೆಲ್ಲ ಯಾರು ಗುಡಿಸಬೇಕು ಅಂತ ಸೊಂಟ ಬಗ್ಗಿಸಿ ಗುಡಿಸಿ ತೋರಿಸಿದಳು. ಸರಿಯುತ್ತರ, ಮಗನ ಪ್ರೀತಿಗೆ ಮನಸ್ಸು ತುಂಬಿ ಬಂದು ಅತ್ತಳಂತೆ. ಈ ಪುಸ್ತಕ ಬರೆದವರು ಜನ್ಮದಲ್ಲಿ ಅಡುಗೆಮನೆ ಒರೆಸಿಲ್ಲ ಅಂತ ನನಗೆ ಅವತ್ತೇ ಖಾತ್ರಿಯಾಯಿತು.

ನಮ್ಮ ಕಾಲದಲ್ಲಿ ಈ ತಾಪತ್ರಯವಿರಲಿಲ್ಲ. ಪಾಠದಲ್ಲಿ 'ರಂಗನು ಸಂತೆಗೆ ಹೋದನು' ಅಂತ ಇದ್ದರೆ ಪ್ರಶ್ನೆ 'ರಂಗನು ಎಲ್ಲಿಗೆ ಹೋದನು?' ಅಂತ ಇರುತ್ತಿತ್ತು. ಎಲ್ಲಿಗೆ ಅನ್ನುವುದನ್ನು ಕಿತ್ತು ಸಂತೆಗೆ ಅನ್ನುವುದನ್ನು ನೆಟ್ಟರೆ ಉತ್ತರ. ರಂಗನ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಕೇಳಲಿಲ್ಲ. ಒಂದೇ ಒಂದು ಸಲ ಹಾಸನದಿಂದ ಇನ್‌ಸ್ಪೆಕ್ಟರು ಬಂದವರು, ಹಸುವಿನ ಪಾಠ ನಡೆಯುತ್ತಿದ್ದದ್ದನ್ನು ನೋಡಿ, ನನ್ನನ್ನೇ ಎಬ್ಬಿಸಿ, "ಹಸು ನಮಗೆ ಏನು ಕೊಡುತ್ತದೆ, ಮಗು?" ಅಂದರು. ನಮ್ಮ ಮನೆಯ ಹಸು ನನಗೆ ಕೊಡುತ್ತಿದ್ದದ್ದನ್ನೇ ಹೇಳಿದೆ: "ಒದೆ ಕೊಡತ್ತೆ ಸಾರ್." ಇನ್‌ಸ್ಪೆಕ್ಟರು ನಕ್ಕರು. ಮೇಷ್ಟ್ರು ಅವರು ಹೋಗುವ ತನಕ ನಕ್ಕರು. ಹೋದ ಮೇಲೆ ಹಸು ಕೊಟ್ಟದ್ದನ್ನೇ ಅವರೂ ಕೊಟ್ಟರು.

ಇದು ನನ್ನ ತಪ್ಪಲ್ಲ, ವಂಶದಲ್ಲಿ ಬಂದದ್ದು. ನಮ್ಮಪ್ಪನದು ಸ್ಟೇಷನ್ ರಸ್ತೆಯಲ್ಲಿ ಬಾಡಿಗೆ ಸೈಕಲ್ ಅಂಗಡಿ. ಪಂಕ್ಚರ್ ಸಲ್ಯೂಷನ್ ವಾಸನೆ, ಟ್ಯೂಬು ಅದ್ದುವ ಕರಿನೀರಿನ ಬಾಂಡ್ಲಿ, ಒರೆಸುವ ಬಟ್ಟೆಯಾಗಿ ಅಮ್ಮನ ಹಳೆ ಸೀರೆ. ನಾಲ್ಕನೇ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿದ್ದೂ ಆ ಅಂಗಡಿಯಲ್ಲಿ ಕೂರಿಸಲೆಂದೇ. ಆಗ ನೀನು ಅತ್ತೆಯಾ ಅಂತ ಸುಮ ಒಂದು ಸಲ ಕೇಳಿದಳು. ಯಾಕೆ ಅಳಲಿ? ಅಂಗಡಿಯಲ್ಲಿ ಬೆಲ್ಲು ಬಾರಿಸಬಹುದಿತ್ತು, ಶಾಲೆಯಲ್ಲಿ ಜವಾನ ಬಿಡುತ್ತಿರಲಿಲ್ಲ. ಅಪ್ಪ ಗಿರಾಕಿಯ ಮುಖ ನೋಡುತ್ತ ಹೇಳುತ್ತಿದ್ದ, "ನಂಗೆ ಪುಸ್ತಕ ಓದೋಕ್ ಬರಲ್ಲ ಕಣವ್ವ, ಮನುಷ್ಯರನ್ನ ಓದ್ತೀನಿ." ಓದುತ್ತಿದ್ದದ್ದು ನಿಜ. ಓದಿದ್ದೆಲ್ಲ ತಪ್ಪು. ಗಡ್ಡ ಬಿಟ್ಟವನನ್ನು ಕಳ್ಳ ಅಂತ ವಾಪಸು ಕಳಿಸಿದ, ಅವನು ಹೊಸ ಪೋಸ್ಟ್‌ಮಾಸ್ಟರು. ಹಣೆ ತುಂಬ ವಿಭೂತಿ ಬಳಿದುಕೊಂಡವನಿಗೆ ಹೊಸ ಹಸಿರು ಸೈಕಲ್ ಕೊಟ್ಟ. ಆ ಸೈಕಲ್ಲನ್ನು ಆಮೇಲೆ ಯಾರೂ ನೋಡಲಿಲ್ಲ. ಅಂಥವನ ಮಗಳು ನಾನು. ಗೂಬೆ ಪುಸ್ತಕ ನನ್ನನ್ನು ಏನು ಮಾಡೀತು?

ಪುಸ್ತಕ ನನ್ನನ್ನು ಏನೂ ಮಾಡಲಿಲ್ಲ, ಯಾನ್‌ಗೆ ಏಟು ಬಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಸ್ಕೂಲಿನವರು ಅಸಲಿ ಪರೀಕ್ಷೆಗೆ ಮೊದಲು ತಾಲೀಮಿನ ಪರೀಕ್ಷೆಯೊಂದನ್ನು ಇಟ್ಟರು. ಅದರಲ್ಲಿ ಒಬ್ಬ ಹುಡುಗಿ ಬಸ್ಸಿನಲ್ಲಿ ಮುದುಕನಿಗಾಗಿ ಸೀಟು ಬಿಟ್ಟು ಏಳುತ್ತಾಳೆ. ಯಾಕೆ ಎದ್ದಳು? ಮುಂದಿನ ಸ್ಟಾಪು ಅವಳದ್ದೇ ಇತ್ತು, ಹೇಗಿದ್ದರೂ ಏಳಬೇಕಿತ್ತು ಅನ್ನುವ ಉತ್ತರಕ್ಕೆ ಯಾನ್ ಗುರುತು ಹಾಕಿ ಬಂದಳು. ಅದೇ ಒಂದಲ್ಲ, ಕಥೆಯೊಳಗಿನ ಒಳ್ಳೆಯವರೆಲ್ಲರ ಮೇಲೂ ಅವಳಿಗೆ ಅನುಮಾನ ಬಂದುಬಿಟ್ಟಿತ್ತು. ಟೀಚರ್ ಕರೆದು ಕೇಳಿದರೆ, ಪಕ್ಕದ ಮನೆ ಅಜ್ಜಿ ಮನುಷ್ಯರ ಬಗ್ಗೆ ಹೇಳಿಕೊಡುತ್ತಾರೆ ಅಂದಳಂತೆ. ಇದೇ ರೀತಿ ಆದರೆ ಇನ್ನೊಂದು ವರ್ಷ ಈ ಕ್ಲಾಸಿನಲ್ಲೇ ಇರಬೇಕಾಗುತ್ತದೆ ಅಂತ ಟೀಚರ್ ಅವಳ ಅಮ್ಮನಿಗೆ ಫೋನು ಮಾಡಿದರು. ಅವಳ ಅಮ್ಮ ಸುಮನಿಗೆ ಫೋನು ಮಾಡಿದಳು. ಸುಮ ಕಾರಿನ ಕೀ ಕೂಡ ಕೆಳಗಿಡದೆ ನೇರ ಅಡುಗೆಮನೆಗೆ ಬಂದಳು.

"ಅಮ್ಮ, ನೀನು ಆ ಹುಡುಗಿಗೆ ಉತ್ತರ ಹೇಳಿಕೊಡ್ತಿದೀಯಾ?"

"ಅವಳೇ ಕೇಳ್ತಾಳೆ. ನಾನು ನಂಗೆ ಅನ್ಸಿದ್ದು ಹೇಳ್ತೀನಿ."

"ನಿಂಗೆ ಅನ್ಸಿದ್ದಲ್ಲಮ್ಮ ಬೇಕಾಗಿರೋದು, ಅಲ್ಲಿ ಬರೆದಿರೋದು ಬೇಕು."

"ಬರೆದಿರೋದು ನಿಜ ಇಲ್ವಲ್ಲ."

"ಪರೀಕ್ಷೆಗೆ ನಿಜ ಯಾಕಮ್ಮ ಬೇಕು?" ಅಂದಳು ಸುಮ. ಇಷ್ಟು ಓದಿದವಳ ಬಾಯಲ್ಲಿ ಈ ಮಾತು. "ಅವಳು ಆರ್ಕೆಸ್ಟ್ರಾಗೆ ಸೇರ್ಬೇಕು. ನೀನು ಇನ್ಮೇಲೆ ಬಾಯಿ ಬಿಡಬೇಡ."

ಬಿಡಲಿಲ್ಲ. ಮೇಜಿನ ಆಚೆ ತುದಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆದೆ. ಆ ಕಡೆ ನೈನೈಗೂ ಸೊಸೆ ಬಾಯಿ ಕಟ್ಟಿದ್ದಳು ಅಂತ ಕಾಣುತ್ತದೆ. ಅವಳೂ ಬಂದು ನನ್ನ ಎದುರು ಕೂತು ಹುರುಳಿಕಾಯಿಗೆ ಕೈ ಹಾಕಿದಳು. ಅಷ್ಟು ಶುದ್ಧವಾದ ಹುರುಳಿಕಾಯಿ ಪಲ್ಯವನ್ನು ಈ ಮನೆ ಮೊದಲೂ ತಿಂದಿಲ್ಲ, ಆಮೇಲೂ ತಿಂದಿಲ್ಲ. ಯಾನ್ ಕಥೆ ಓದುವಳು, ಪ್ರಶ್ನೆ ಓದುವಳು, ಪೆನ್ಸಿಲ್ ಕಚ್ಚುವಳು, ಗುರುತು ಹಾಕುವಳು. ಎಲ್ಲ ಮುಗಿದ ಮೇಲೆ ನೈನೈ ಬಚ್ಚಿಟ್ಟ ಹಾಳೆ ತೆಗೆದು ನೋಡಿ ಕೆಂಪು ಪೆನ್ನಿನಲ್ಲಿ ತಿದ್ದುವಳು. ಪುಟದ ತುಂಬ ಕೆಂಪು. ನಾವಿಬ್ಬರೂ ಬಾಯಿ ಮುಚ್ಚಿದರೂ ಹುಡುಗಿಯ ಉತ್ತರ ನೆಟ್ಟಗಾಗಲಿಲ್ಲ. ನಾನು ಸುಮನ ಕಡೆ ನೋಡಿ ಏನೂ ಹೇಳಲಿಲ್ಲ. ಹೇಳದೆ ಇರುವುದರಲ್ಲೂ ಒಂದು ಸುಖವಿದೆ.

ಒಂದು ಸಂಜೆ ಯಾನ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದು ಕೂತಳು. ಪುಸ್ತಕ ನನ್ನ ಮುಂದೆ ಸರಿಸಿ, "ಅಜ್ಜಿ, ಪ್ಲೀಸ್. ಯು ಆನ್ಸರ್," ಅಂದಳು. ಸಿರಿ ಕಲಿಸಿದ್ದಳು, ಅವಳೂ ನನ್ನನ್ನು ಅಜ್ಜಿ ಅಂತಲೇ ಕರೆಯುತ್ತಿದ್ದಳು.

"ನಾನು ಬಾಯಿ ಬಿಡೋ ಹಾಗಿಲ್ಲ. ನಿಮ್ಮಮ್ಮನ್ನ ಕೇಳು, ಇವಳಮ್ಮನ್ನ ಕೇಳು."

ಸಿರಿ ಮಧ್ಯೆ ಬಂದಳು. "ಇಲ್ಲ ಅಜ್ಜಿ, ಹೇಳು. ವಿ ನೀಡ್ ಇಟ್. ನಾವು ಹಳೇ ಪೇಜ್ ಎಲ್ಲಾ ಚೆಕ್ ಮಾಡಿದ್ವಿ. ನಿನ್ನ ಆನ್ಸರ್ ಯಾವಾಗ್ಲೂ ರಾಂಗ್."

"ಹೇಳ್ಬಿಟ್ಳು ದೊಡ್ಡ ವಿಷಯ!"

"ನೋ, ನೋ. ಆಲ್ವೇಸ್ ರಾಂಗ್ ಈಸ್ ಗುಡ್! ಸಮ್‌ಟೈಮ್ಸ್ ರೈಟ್ ಆದ್ರೆ ಯೂಸ್ ಇಲ್ಲ. ನಿಂದು ಯಾವಾಗ್ಲೂ ರಾಂಗ್. ನೈನೈದೂ ಯಾವಾಗ್ಲೂ ರಾಂಗ್. ನಿಮ್ಮಿಬ್ರದೂ ಹೊಡೆದುಹಾಕಿದ್ರೆ ಎರಡೇ ಉಳಿಯತ್ತೆ!"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟು ಬಂತು. ಎದುರಿಗೆ ಯಾನ್ ಅದನ್ನೇ ನೈನೈಗೆ ಹೇಳುತ್ತಿದ್ದಳು, ನೈನೈ ಮುಖದಲ್ಲೂ ಅದೇ ಸಿಟ್ಟು ಏರುತ್ತಿತ್ತು. ಅವಳ ಮುಖ ನೋಡಿ ನನಗೆ ನಗು ಬಂತು, ನನ್ನ ಮುಖ ನೋಡಿ ಅವಳಿಗೂ ಬಂತು. ಎಪ್ಪತ್ತು ವರ್ಷ ಬದುಕಿ ಕಲಿತದ್ದಕ್ಕೆ ಕೊನೆಗೆ ಇದೊಂದು ಉಪಯೋಗ ಸಿಕ್ಕಿತು: ಹೊಡೆದುಹಾಕಲು.

ಅಂದಿನಿಂದ ಹೊಸ ಪದ್ಧತಿ. ಯಾನ್ ಓದುವಳು. ನಾನು ಹೇಳುವೆ, ಅವಳು ಆ ಅಕ್ಷರದ ಮೇಲೆ ಪೆನ್ಸಿಲ್ಲಿನಿಂದ ಒಂದು ಅಡ್ಡಗೀಟು ಎಳೆಯುವಳು. ನೈನೈ ಹೇಳುವಳು, ಇನ್ನೊಂದು ಗೀಟು. ಉಳಿದ ಎರಡರಲ್ಲಿ ಒಂದನ್ನು ಆರಿಸುವುದು ಅವಳ ಪಾಡು. ಅದಕ್ಕೆ ಕಥೆಗೆ ವಾಪಸು ಹೋಗಿ, ಬೆರಳಿಟ್ಟು ಸಾಲು ಹುಡುಕುವಳು. ಕೆಂಪು ಕಡಿಮೆಯಾಗತೊಡಗಿತು. ಅಮ್ಮಂದಿರು ಬರುವ ಹೊತ್ತಿಗೆ ಗೀಟುಗಳನ್ನೆಲ್ಲ ರಬ್ಬರಿನಿಂದ ಅಳಿಸಿ ನಾವಿಬ್ಬರೂ ಹುರುಳಿಕಾಯಿ ಹಿಡಿದುಕೊಳ್ಳುತ್ತಿದ್ದೆವು.

ಒಂದು ದಿನ ಹಟಕ್ಕೆ ಬಿದ್ದು, ಯಾವುದು ತಪ್ಪು ಅಂತ ನನಗೆ ಅನ್ನಿಸಿತೋ ಅದನ್ನೇ ಬೇಕೆಂದು ಹೇಳಿದೆ. ಅದೂ ತಪ್ಪಾಗಿತ್ತು. ಅಪ್ಪ ನೆನಪಾದ, ಹಸಿರು ಸೈಕಲ್ ನೆನಪಾಯಿತು.

ಬರಬರುತ್ತ ಯಾನ್ ನಾನು ಬಾಯಿ ತೆರೆಯುವ ಮೊದಲೇ "ಅಜ್ಜಿ ವಿಲ್ ಸೇ ಸಿ" ಅನ್ನತೊಡಗಿದಳು. ನಾನು ಹೇಳಬೇಕೆಂದಿದ್ದದ್ದು ಅದೇ ಸಿ. ಬೇರೆ ಹೇಳೋಣ ಅಂದರೆ ಮನಸ್ಸು ಒಪ್ಪದು. ನನ್ನನ್ನು ಇಷ್ಟು ಚೆನ್ನಾಗಿ ಓದಿಕೊಂಡವರು ಯಾರೂ ಇರಲಿಲ್ಲ. ನನ್ನ ಯಜಮಾನರು ನಲವತ್ತು ವರ್ಷ ಸಂಸಾರ ಮಾಡಿದರು, ಕಾಫಿಗೆ ನನಗೆ ಸಕ್ಕರೆ ಎಷ್ಟು ಅಂತ ಕೊನೆಯವರೆಗೂ ಕೇಳುತ್ತಲೇ ಇದ್ದರು.

ಒಂದೇ ಒಂದು ಕಥೆಗೆ ಮಾತ್ರ ನಾನು ನಿಜವಾಗಿ ಜಗಳ ತೆಗೆದೆ. ಅದರಲ್ಲಿ ಒಬ್ಬ ಅಜ್ಜಿ. ಮನೆಯಲ್ಲಿ ಕೇಕು ಹಂಚುತ್ತಾರೆ. ಕೊನೆಗೆ ಒಂದೇ ಚೂರು ಉಳಿಯುತ್ತದೆ. ಮೊಮ್ಮಗಳು ತಟ್ಟೆ ಮುಂದೆ ಹಿಡಿದರೆ ಅಜ್ಜಿ, 'ನನಗೆ ಬೇಡ, ಸಿಹಿ ನನಗೆ ಸೇರುವುದಿಲ್ಲ' ಅನ್ನುತ್ತಾಳೆ. ಅಜ್ಜಿ ಯಾಕೆ ಹಾಗಂದಳು? ಸಿಹಿ ಅವಳಿಗೆ ಸೇರುವುದಿಲ್ಲ ಅಂತ ನಾನಂದೆ. ಸಕ್ಕರೆ ಕಾಯಿಲೆ ಅಂತ ನೈನೈ ಅಂದಳು. ಸರಿಯುತ್ತರ, ಮೊಮ್ಮಗಳು ತಿನ್ನಲಿ ಅಂತ ಪ್ರೀತಿಯಿಂದ ಸುಳ್ಳು ಹೇಳಿದಳು ಅಂತ.

"ಇದು ಅನ್ಯಾಯ," ಅಂದೆ. "ಬೇಡ ಅಂದ್ರೆ ಬೇಡ. ಮುದುಕಿ ಬಾಯಿಬಿಟ್ಟು ಹೇಳಿದಾಳೆ. ಅದಕ್ಕೆ ಇಲ್ಲದ ಅರ್ಥ ಹಚ್ಚೋಕೆ ಇವರ್ಯಾರು?"

"ಅಜ್ಜಿ, ಇಟ್ ಈಸ್ ಇನ್ ದ ಪ್ಯಾಸೇಜ್," ಅಂದಳು ಸಿರಿ. "ಕೇಕ್ ಕಡೆ ಎರಡು ಸಲ ನೋಡಿದ್ಳು ಅಂತ ಬರೆದಿದೆ."

"ನೋಡಿದ್ರೆ ಆಸೆ ಅಂತಾನೇ? ನಾನು ದಿನಾ ಫ್ರಿಡ್ಜ್ ನೋಡ್ತೀನಿ. ಹಾಲು ಇದೆಯಾ ಅಂತ ನೋಡ್ತೀನಿ. ಯಾರು ಬರೆದಿದ್ದು ಇದನ್ನ? ಅವರಜ್ಜಿನ ಕೇಳಿ ಬರೆದ್ರಾ?"

ಸಿರಿ ನಗುತ್ತಿದ್ದಳು. ಯಾನ್ ನಗಲಿಲ್ಲ. ನನ್ನ ಉತ್ತರದ ಮೇಲೆ ಅಡ್ಡಗೀಟು ಎಳೆದು, ತಲೆಯೆತ್ತಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ನಾನು ಹುರುಳಿಕಾಯಿ ಕಡೆ ತಿರುಗಿದೆ.

ಪರೀಕ್ಷೆಯ ಪ್ರಶ್ನೆಗಳನ್ನು ಆಸ್ಟಿನ್ನಿನಲ್ಲಿ ಕೂತು ಯಾರೋ ತಯಾರು ಮಾಡುತ್ತಾರೆ ಅಂತ ಸಿರಿ ಹೇಳಿದಳು. ನನ್ನ ಕಿರಿ ಮಗಳ ಮನೆ ಆಸ್ಟಿನ್ನಿನಲ್ಲೇ ಇದೆ. ಹೋಗಿ ಅವರ ಬಾಗಿಲು ತಟ್ಟಿ, ಒಂದು ಪಿಂಗಾಣಿ ತಟ್ಟೆಯ ಬೆಲೆ ನಿಮಗಾದರೂ ಗೊತ್ತೇನ್ರಪ್ಪ ಅಂತ ಕೇಳಿಬಿಡೋಣ ಅನ್ನಿಸಿತು. ಆದರೆ ಈ ಊರುಗಳಲ್ಲಿ ಕಾಲಿದ್ದರೆ ಸಾಲದು, ಕಾರು ಬೇಕು. ಕಾರು ಓಡಿಸುವವರು ಇಂಥ ಕೆಲಸಕ್ಕೆ ಬರುವುದಿಲ್ಲ.

ಪರೀಕ್ಷೆಯ ಬೆಳಿಗ್ಗೆ ಬಸ್ಸಿನ ಹತ್ತಿರ ನಾವಿಬ್ಬರೂ ಅಜ್ಜಿಯರು ಹೋಗಿ ನಿಂತೆವು. ನಾನು ಮೊಸರು ಸಕ್ಕರೆ ಒಂದು ಚಮಚ ಯಾನ್ ಬಾಯಿಗೆ ಹಾಕಿದೆ. ನೈನೈ ಎರಡು ಬೇಯಿಸಿದ ಮೊಟ್ಟೆ, ಒಂದು ಉದ್ದನೆಯ ಕರಿದ ತಿಂಡಿ ತಿನ್ನಿಸಿದಳು. ಕಡ್ಡಿಯ ಪಕ್ಕ ಎರಡು ಸೊನ್ನೆ ಇಟ್ಟ ಹಾಗೆ, ನೂರಕ್ಕೆ ನೂರು ಬರಲಿ ಅಂತ. ಮೊಸರು, ಮೊಟ್ಟೆ, ಎಣ್ಣೆ ಮೂರೂ ಒಂದೇ ಹೊಟ್ಟೆಯಲ್ಲಿ ಸೇರಿ ಆ ಹುಡುಗಿಗೆ ಏನಾಗುತ್ತದೋ ಅನ್ನುವ ಭಯದ ಮುಂದೆ ಪರೀಕ್ಷೆಯ ಭಯ ನನಗೆ ಮರೆತೇಹೋಯಿತು.

ಮಧ್ಯಾಹ್ನ ಬಸ್ಸಿಳಿದವಳು ನೇರ ನನ್ನ ಹತ್ತಿರ ಬಂದಳು.

"ಹೇಗಿತ್ತೇ?"

"ಯು ಆಂಡ್ ನೈನೈ ಟಾಕ್ ಟೂ ಮಚ್," ಅಂದಳು. ತಲೆಯ ಮೇಲೆ ಬೆರಳಿಟ್ಟು ತೋರಿಸಿದಳು. ಒಳಗೆ, ಅಂತ. ಇಡೀ ಪರೀಕ್ಷೆ ನಾವಿಬ್ಬರೂ ಅವಳ ತಲೆಯಲ್ಲಿ ಕೂತು ತಪ್ಪು ಉತ್ತರ ಹೇಳುತ್ತಿದ್ದೆವಂತೆ. ಹೇಳಿದ್ದನ್ನೆಲ್ಲ ಹೊಡೆದುಹಾಕಿ ಬಂದೆ ಅಂದಳು.

ಫಲಿತಾಂಶ ಬರುವ ಹೊತ್ತಿಗೆ ಬೇಸಿಗೆ ರಜ. ಹೀರೆಬಳ್ಳಿ ಮತ್ತೆ ಬೇಲಿ ಹತ್ತಿತ್ತು. ನಾನು ಈ ಕಡೆ ಕಾಯಿ ಕೊಯ್ಯುತ್ತಿದ್ದೆ. ಆ ಕಡೆಯಿಂದ ಕಿರುಚಿದ ಸದ್ದು. ಬೇಲಿ ಸಂದಿಯಲ್ಲಿ ನೋಡಿದರೆ ನೈನೈ ಒಂದು ಕೈಯಲ್ಲಿ ನೀರಿನ ಪೈಪು ಹಿಡಿದುಕೊಂಡೇ ಕುಣಿಯುತ್ತಿದ್ದಾಳೆ, ನೀರು ನನ್ನ ಮೇಲೂ ಬಿತ್ತು. ಪಾಸು. ಮುಂದಿನ ವರ್ಷ ಆರ್ಕೆಸ್ಟ್ರಾ. ಸುಮ ಆ ಸಂಜೆ ಯಾನ್ ಅಮ್ಮನ ಜೊತೆ ಫೋನಿನಲ್ಲಿ, "ಇವರಿಬ್ಬರನ್ನ ಸುಮ್ಮನಿರಿಸಿದ್ದೇ ಒಳ್ಳೇದಾಯ್ತು ನೋಡಿ" ಅಂತ ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ನಾನು ತಿದ್ದಲಿಲ್ಲ.

ಶನಿವಾರ ಒಬ್ಬಟ್ಟು ಮಾಡಿದೆ. ಯಾನ್ ಅಪ್ಪನೂ ಕ್ಲಿಯರ್ ಲೇಕಿನಿಂದ ಬಂದಿದ್ದ. ಊಟಕ್ಕೆ ಮೊದಲು ಯಾನ್ ಪಿಟೀಲು ತೆಗೆದಳು. ಶ್ರುತಿ ಮಾಡುವಾಗ ಎಣ್ಣೆ ಕಾಣದ ಬಾಗಿಲು ತೆರೆದ ಹಾಗಿತ್ತು, ನಾನು ಹಾಗಂತ ಹೇಳಿಯೂ ಹೇಳಿದೆ. ಆಮೇಲೆ ನುಡಿಸಲು ಶುರು ಮಾಡಿದಳು. ಒಲೆಯ ಮೇಲೆ ತುಪ್ಪ ಸೀಯುತ್ತಿತ್ತು, ಅದು ನನ್ನ ಗಮನಕ್ಕೆ ಬಂದದ್ದು ಅವಳು ಬಿಲ್ಲು ಇಳಿಸಿದ ಮೇಲೆ.

ಒಬ್ಬಟ್ಟು ಎಲ್ಲರೂ ಚೆನ್ನಾಗಿ ತಿಂದರು. ಯಾನ್ ಅಪ್ಪನಿಗೆ ಒಬ್ಬಟ್ಟು ಅನ್ನಲು ಬರಲಿಲ್ಲ, ತಿನ್ನಲು ಚೆನ್ನಾಗಿ ಬಂತು. ಹಾಕುತ್ತ ಹಾಕುತ್ತ ನಾನು ಕೂತದ್ದು ಕೊನೆಗೆ. ತಟ್ಟೆಯಲ್ಲಿ ಒಂದೇ ಒಂದು ಉಳಿದಿತ್ತು, ಪರೀಕ್ಷೆ ಮುಗಿದ ಮೇಲೆ ನಮ್ಮ ಮನೆಯಲ್ಲೇ ಉಳಿದುಹೋಗಿದ್ದ ಗೂಬೆ ಪುಸ್ತಕದ ಮೇಲೆ, ತುಪ್ಪ ಇನ್ನೂ ಹೊಳೆಯುತ್ತಿತ್ತು. ಯಾನ್ ಆ ತಟ್ಟೆ ಎತ್ತಿಕೊಂಡು ನನ್ನ ಹತ್ತಿರ ಬಂದಳು.

"ನಂಗೆ ಬೇಡ ಕಣೇ, ನೀನೇ ತಿನ್ನು," ಅಂದೆ. "ಒಬ್ಬಟ್ಟು ನಂಗೆ ಅಷ್ಟಾಗಿ ಸೇರಲ್ಲ."

ಎದುರಿಗೆ ಕೂತಿದ್ದ ನೈನೈ ನಗುತ್ತ ಬಟ್ಟಲಲ್ಲಿ ಮುಖ ಮುಚ್ಚಿಕೊಂಡಳು. ಅವಳಿಗೆ ಕನ್ನಡ ಬರುವುದಿಲ್ಲ, ಆದರೂ.

ಯಾನ್ ನನ್ನ ಮುಖ ನೋಡಿದಳು. ಆಮೇಲೆ ಬಲಗೈ ತೋರುಬೆರಳನ್ನು ಎತ್ತಿ, ಪೆನ್ಸಿಲ್ ಹಿಡಿದವಳ ಹಾಗೆ, ನನ್ನ ಬಾಯಿಯ ಮುಂದೆ ಗಾಳಿಯಲ್ಲಿ ಒಂದು ಅಡ್ಡಗೀಟು ಎಳೆದಳು. ಒಬ್ಬಟ್ಟು ನನ್ನ ತಟ್ಟೆಗೆ ಜಾರಿಸಿದಳು.

"ಪ್ಯಾಸೇಜ್‌ನಲ್ಲಿ ಇಲ್ಲ," ಅಂದೆ.

"ಟೂ ಟೈಮ್ಸ್ ಯು ಲುಕ್ಡ್," ಅಂದಳು.

ತಿಂದೆ. ಬೆಲ್ಲ ಸರಿಯಾಗಿ ಬಿದ್ದಿತ್ತು.